ಉರಿಮೂತ್ರವನ್ನು ‘ಉಷ್ಣ’ ಎಂದುಕೊಂಡು ಎಷ್ಟು ದಿನ ಕಾಯಬಹುದು?

ಪಾಂಡವಪುರ ತಾಲ್ಲೂಕಿನ ಮಗಳು (ಈಗ ಮೈಸೂರು, ಕುವೆಂಪುನಗರ)

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ 62 ವರ್ಷ. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಯಿತು. ಅಪ್ಪ ತೀರಿಕೊಂಡ ಮೇಲೆ ಊರಿನ ಮನೆಯಲ್ಲಿ ಅವರೊಬ್ಬರೇ ಇದ್ದಾರೆ, ನಾನು ದಿನವೂ ಸಂಜೆ ಫೋನ್ ಮಾಡುತ್ತೇನೆ. ಕಳೆದ ಏಪ್ರಿಲ್‌ನಲ್ಲಿ ಹೀಗೆಯೇ ಮಾತನಾಡುವಾಗ, “ಒಂದಕ್ಕೆ ಹೋದ್ರೆ ಉರಿ ಕಣವ್ವ, ಉಷ್ಣ ಆಗದೆ, ಬಾರ್ಲಿ ನೀರು ಕುಡೀತಾ ಇವ್ನಿ” ಎಂದರು. ಬಿಸಿಲು ಹಾಗೆಯೇ ಇದ್ದುದರಿಂದ ನಾನೂ ಹೂಂ ಎಂದೆ. ಮರುದಿನ ಕೇಳಿದಾಗ ಪರವಾಗಿಲ್ಲ ಎಂದರು. ಆಮೇಲೆ ನಾನು ಕೇಳುವುದನ್ನೇ ಬಿಟ್ಟೆ.

ಎಂಟನೆಯ ದಿನ ರಾತ್ರಿ ಪಕ್ಕದ ಮನೆಯ ಚಿಕ್ಕಮ್ಮ ಫೋನ್ ಮಾಡಿದರು. ನಾನು ಹೋಗಿ ನೋಡಿದಾಗ ಅಮ್ಮ ಆ ಸೆಕೆಯಲ್ಲಿ ಎರಡು ಕಂಬಳಿ ಹೊದ್ದು, ಹಲ್ಲು ಕಟಕಟ ಎನ್ನುವಂತೆ ನಡುಗುತ್ತಿದ್ದರು. ನನ್ನನ್ನು ನೋಡಿ ನನ್ನ ಅಕ್ಕನ ಹೆಸರು ಹಿಡಿದು ಕರೆದರು. ಬಲಗಡೆ ಪಕ್ಕೆಯ ಹಿಂದೆ ಕೈ ಇಡಲು ಬಿಡಲಿಲ್ಲ. ಆ ನೋವು ಮೂರು ದಿನದಿಂದ ಇತ್ತಂತೆ, ಕಳೆ ಕಿತ್ತದ್ದರಿಂದ ಬಂದದ್ದು ಎಂದುಕೊಂಡಿದ್ದರಂತೆ. ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದು ಆಸ್ಪತ್ರೆಯಲ್ಲಿ ತಿಳಿಯಿತು. ಆರು ದಿನ ರಕ್ತನಾಳದ ಮೂಲಕ ಔಷಧ ಕೊಟ್ಟರು, ಅಮ್ಮ ಉಳಿದರು.

ಈಗ ಚೆನ್ನಾಗಿದ್ದಾರೆ. ಆದರೆ ಎರಡನೆಯ ದಿನವೋ ಮೂರನೆಯ ದಿನವೋ ಫೋನಿನಲ್ಲಿ ನಾನು ಏನು ಕೇಳಿದ್ದರೆ ಇದು ಬರೀ ಉಷ್ಣವಲ್ಲ ಎಂದು ಗೊತ್ತಾಗುತ್ತಿತ್ತು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ತಿಳಿದವರು ದಯವಿಟ್ಟು ಬರೆಯಿರಿ.

ನಿವೃತ್ತ ಆರೋಗ್ಯ ಸಹಾಯಕಿ, ಕೆ.ಆರ್. ಪೇಟೆ

ನಿಮ್ಮ ಬರಹ ಓದಿ ಮನಸ್ಸಿಗೆ ಬಹಳ ಕಷ್ಟವಾಯಿತಮ್ಮ. ಉಪಕೇಂದ್ರದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ನಾನು ಈ ‘ಉಷ್ಣ’ ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೇನೆಂದು ಹೇಳಲಾರೆ. ಬಿಸಿಲಲ್ಲಿ ದುಡಿದು ನೀರು ಕುಡಿಯದೆ ಮೂತ್ರ ಗಟ್ಟಿಯಾಗಿ ಹಳದಿ ತಿರುಗಿದರೆ ಉರಿಯುತ್ತದೆ, ಅದು ನಿಜ. ಎರಡು ಚೊಂಬು ನೀರು ಕುಡಿದು ನೆರಳಲ್ಲಿ ಕೂತರೆ ಒಂದು ದಿನದೊಳಗೆ ಕಡಿಮೆಯೂ ಆಗುತ್ತದೆ. ತೊಂದರೆ ಏನೆಂದರೆ ಸೋಂಕು, ಕಲ್ಲು, ಬಿಳಿ ಮುಟ್ಟಿನ ತುರಿಕೆ, ಸಕ್ಕರೆ ಕಾಯಿಲೆಯವರಿಗೆ ಬರುವ ಬೂಸ್ಟು, ಎಲ್ಲವನ್ನೂ ನಮ್ಮ ಹೆಂಗಸರು ಅದೇ ಒಂದು ಮಾತಿನಲ್ಲಿ ಹೇಳುತ್ತಾರೆ. ನಾಚಿಕೆಯೂ ಅದಕ್ಕೆ ಕಾರಣ. ವೈದ್ಯರು ಗಂಡಸಾಗಿದ್ದರೆ ‘ಸೊಂಟ ನೋವು’ ಎಂದಷ್ಟೇ ಹೇಳಿ, ನೋವಿನ ಮಾತ್ರೆ ತೆಗೆದುಕೊಂಡು ಹಿಂತಿರುಗಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥವರು ಮೊದಲು ಊರಿನ ಆಶಾ ಕಾರ್ಯಕರ್ತೆಯ ಹತ್ತಿರ ಹೇಳಿಕೊಂಡರೂ ಸಾಕು, ಅವರು ಮುಂದಿನ ದಾರಿ ತೋರಿಸುತ್ತಾರೆ.

ಇನ್ನೊಂದನ್ನು ಹೇಳಲೇಬೇಕು. ಕಬ್ಬು ಕಡಿಯುವ ಕಾಲದಲ್ಲಿ ಗದ್ದೆಗೆ ಹೋಗುವ ಹೆಂಗಸರು ಬೆಳಗ್ಗೆ ಐದಕ್ಕೆ ಮನೆ ಬಿಟ್ಟರೆ ಕತ್ತಲಾಗುವವರೆಗೆ ಮೂತ್ರಕ್ಕೆ ಹೋಗುವುದಿಲ್ಲ. ಮರೆಯಾದ ಜಾಗವಿಲ್ಲ, ಪಕ್ಕದಲ್ಲೇ ಗಂಡಸರು ಕೆಲಸ ಮಾಡುತ್ತಿರುತ್ತಾರೆ. ಹೋಗಬೇಕಾದೀತೆಂದು ನೀರನ್ನೇ ಕುಡಿಯುವುದಿಲ್ಲ. ಅವರಿಗೆ ‘ನೀರು ಕುಡಿಯಿರಿ’ ಎಂದು ಉಪದೇಶ ಮಾಡುವುದಕ್ಕಿಂತ ಗದ್ದೆಯ ಮೂಲೆಯಲ್ಲಿ ನಾಲ್ಕು ಗೂಟ ನೆಟ್ಟು ಗೋಣಿತಾಟು ಕಟ್ಟಿಸಿಕೊಡುವುದು ಹೆಚ್ಚಿನ ಔಷಧ. ಈ ವೇದಿಕೆಯಲ್ಲಿ ಜಮೀನು ಇರುವವರು ಅನೇಕರಿದ್ದಾರೆ, ದಯವಿಟ್ಟು ಇದನ್ನು ಯೋಚಿಸಿ.

ವೈದ್ಯೆ, ಮೈಸೂರು

ನಾನು ಸಾಮಾನ್ಯ ಕಾಯಿಲೆಗಳನ್ನು ನೋಡುವ ವೈದ್ಯೆ. ಇಲ್ಲಿ ಬರೆಯುವುದು ಯಾವೊಬ್ಬ ರೋಗಿಗೂ ಚಿಕಿತ್ಸೆಯ ಸೂಚನೆಯಲ್ಲ. ಯಾವಾಗ ಹೊರಡಬೇಕೆಂಬುದನ್ನು ತಿಳಿಸುವುದಷ್ಟೇ ನನ್ನ ಉದ್ದೇಶ.

ಮೂತ್ರದ ಸೋಂಕನ್ನು ಉಂಟುಮಾಡುವುದು ಬಹುಪಾಲು ಇ. ಕೊಲೈ ಎಂಬ ಬ್ಯಾಕ್ಟೀರಿಯಾ. ಅದು ನಮ್ಮ ಕರುಳಿನಲ್ಲಿ ಸಹಜವಾಗಿಯೇ ವಾಸಿಸುತ್ತದೆ. ಮಲದ್ವಾರದ ಸುತ್ತಲಿನ ಚರ್ಮದಿಂದ ಮೂತ್ರದ್ವಾರಕ್ಕೆ ಬಂದು ಒಳಕ್ಕೆ ಏರಿದಾಗ ರೋಗವಾಗುತ್ತದೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಮಾತ್ರ ಉದ್ದವಿದ್ದರೆ ಗಂಡಸರದು ಸುಮಾರು 20 ಸೆಂಟಿಮೀಟರ್ ಇರುತ್ತದೆ. ಹೆಂಗಸರಲ್ಲಿ ಈ ಸೋಂಕು ಇಷ್ಟು ಹೆಚ್ಚಾಗಿರಲು ಇದು ಮುಖ್ಯ ಕಾರಣವೇ ಹೊರತು ಅವರ ಶುಚಿತ್ವದ ಕೊರತೆಯಲ್ಲ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮದುವೆಯಾದ ಹೊಸತರಲ್ಲಿ ಸೋಂಕು ಬಂದ ಹುಡುಗಿಯರು ಅತ್ತೆಮನೆಯಲ್ಲಿ ಕೇಳಬಾರದ ಮಾತು ಕೇಳಿ ಅಳುತ್ತಾ ಬರುತ್ತಾರೆ. ದಾಂಪತ್ಯ ಆರಂಭವಾದಾಗ ಈ ಸೋಂಕು ಬರುವುದು ಬಹಳ ಸಾಮಾನ್ಯ, ಅದರಲ್ಲಿ ಯಾರ ತಪ್ಪೂ ಇಲ್ಲ.

ಸೋಂಕು ಮೂತ್ರಕೋಶದಲ್ಲಿ, ಅಂದರೆ ಕೆಳಹೊಟ್ಟೆಯ ಚೀಲದಲ್ಲಿ, ಇರುವಷ್ಟು ದಿನ ಉರಿ, ಮೇಲಿಂದ ಮೇಲೆ ಹೋಗಬೇಕೆನಿಸುವುದು, ಹೋದರೆ ನಾಲ್ಕೇ ಹನಿ ಬರುವುದು, ಕೆಳಹೊಟ್ಟೆ ಹಿಡಿದುಕೊಳ್ಳುವುದು ಇವು ಇರುತ್ತವೆ; ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಅದು ಮೂತ್ರಪಿಂಡಕ್ಕೆ ಏರಿತೆಂದರೆ ಚಳಿಜ್ವರ, ಪಕ್ಕೆಯ ಹಿಂದೆ ಒಂದು ಕಡೆ ನೋವು, ವಾಂತಿ ಸೇರಿಕೊಳ್ಳುತ್ತವೆ. ಹಾಗಾಗಿ ಮಗಳು ಕೇಳಿದ ಪ್ರಶ್ನೆಗೆ ನೇರವಾದ ಉತ್ತರ ಇದು: ಉರಿ ಇದೆಯೇ ಎಂದಲ್ಲ, ಉರಿಯ ಜೊತೆಗೆ ಮತ್ತೇನಿದೆ ಎಂದು ಕೇಳಬೇಕು. ಮೈ ಬೆಚ್ಚಗಿದೆಯೇ, ಚಳಿ ಬಂತೇ? ನೋವು ಕೆಳಹೊಟ್ಟೆಯಲ್ಲಷ್ಟೇ ಅಲ್ಲದೆ ಹಿಂದೆ ಪಕ್ಕೆಯಲ್ಲೂ ಇದೆಯೇ? ಕುಡಿದ ನೀರು, ತಿಂದ ಅನ್ನ ನಿಲ್ಲದೆ ವಾಂತಿಯಾಗುತ್ತಿದೆಯೇ? ಮೂತ್ರ ಕೆಂಪಗಿದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಅದೇ ದಿನ ವೈದ್ಯರನ್ನು ಕಾಣಬೇಕು. ಮಾತು ತೊದಲಿದರೆ, ಗುರುತು ತಪ್ಪಿದರೆ, ಮಂಪರು ಕವಿದರೆ, ಉಸಿರು ವೇಗವಾದರೆ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ 108ಕ್ಕೆ ಕರೆ ಮಾಡಬೇಕು. ನಿಮ್ಮ ತಾಯಿ ಮತ್ತೊಬ್ಬ ಮಗಳ ಹೆಸರು ಹಿಡಿದು ಕರೆದದ್ದು ಸೋಂಕು ರಕ್ತಕ್ಕೆ ಹರಡುತ್ತಿದ್ದುದರ ಲಕ್ಷಣವಾಗಿದ್ದಿರಬಹುದು.

ಇನ್ನು ಕೆಲವರು ಜ್ವರ ಬರಲೆಂದೂ ಕಾಯಬಾರದು. ಗರ್ಭಿಣಿಯರು, ಮಕ್ಕಳು, ಗಂಡಸರು, ಸಕ್ಕರೆ ಕಾಯಿಲೆಯವರು, ಮೂತ್ರಪಿಂಡದ ತೊಂದರೆ ಅಥವಾ ಕಲ್ಲು ಇದ್ದವರು, ಮೂತ್ರದ ಕೊಳವೆ ಹಾಕಿಸಿಕೊಂಡವರು ಬರೀ ಉರಿ ಇದ್ದರೂ ಮೊದಲ ದಿನವೇ ತೋರಿಸಿಕೊಳ್ಳುವುದು ಲೇಸು. ಬೇರೆ ಯಾವ ಕಾಯಿಲೆಯೂ ಇಲ್ಲದ, ಗರ್ಭಿಣಿಯಲ್ಲದ ಹೆಂಗಸಿಗೆ ಬೆಳಗ್ಗೆಯಿಂದ ಸ್ವಲ್ಪ ಉರಿ ಇದ್ದರೆ ಚೆನ್ನಾಗಿ ನೀರು ಕುಡಿದು ಒಂದು ದಿನ ನೋಡಬಹುದು. ಎರಡನೆಯ ದಿನಕ್ಕೂ ಕಡಿಮೆಯಾಗದಿದ್ದರೆ ಕಾಯಬಾರದು.

ಔಷಧ ಅಂಗಡಿಯವರು, ಮಂಡ್ಯ

ಡಾಕ್ಟರ್ ಮೇಡಂ ಬರೆದದ್ದರ ಮುಂದೆ ನಾನು ಕೌಂಟರಿನ ಈಚೆ ನಿಂತು ದಿನವೂ ನೋಡುವುದನ್ನು ಸೇರಿಸುತ್ತೇನೆ. ಬೇಸಿಗೆಯಲ್ಲಿ ವಾರಕ್ಕೆ ಹಲವರು ಖಾಲಿ ಮಾತ್ರೆ ಶೀಟನ್ನು ಅಂಗೈಯಲ್ಲಿ ಮಡಚಿ ತಂದು, “ಹೋದ ಸಲ ಇದರಲ್ಲೇ ವಾಸಿ ಆಗಿತ್ತು, ಎರಡು ಕೊಡಿ” ಎನ್ನುತ್ತಾರೆ. ಶೀಟಿನ ಹಿಂದೆ ಒಂದು ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿ ಇಲ್ಲದೆ ಈ ಔಷಧ ಬೇಡ ಎಂಬ ಎಚ್ಚರಿಕೆ ಅದು. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಇದರ ಬಗ್ಗೆ ಪ್ರಚಾರವನ್ನೂ ನಡೆಸಿತು. ಹಲವು ಆಂಟಿಬಯಾಟಿಕ್‌ಗಳು 2014ರಿಂದ ಎಚ್1 ಪಟ್ಟಿಯಲ್ಲಿವೆ, ಅವನ್ನು ಮಾರಿದಾಗ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣವನ್ನು ನಾವು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಕೊಡುವುದಿಲ್ಲ ಎಂದರೆ ಜನ ಬೇಸರಪಟ್ಟುಕೊಳ್ಳುತ್ತಾರೆ, ಮುಂದಿನ ಅಂಗಡಿಗೆ ಹೋಗುತ್ತಾರೆ. ಆದರೂ ಕೊಡದಿರುವುದೇ ಸರಿ ಎಂದು ನಾನು ನಂಬಿದ್ದೇನೆ, ಏಕೆಂದರೆ ಎರಡು ಮಾತ್ರೆಗೆ ಉರಿ ಅಡಗುತ್ತದೆ, ಕ್ರಿಮಿ ಪೂರ್ತಿ ಸಾಯುವುದಿಲ್ಲ, ಉಳಿದದ್ದು ಮುಂದಿನ ಸಲ ಆ ಔಷಧಕ್ಕೆ ಜಗ್ಗದಿರಬಹುದು. ಹಿಂದೆ ಕಣ್ಣು ಮುಚ್ಚಿ ಕೊಡುತ್ತಿದ್ದ ನಾರ್‌ಫ್ಲಾಕ್ಸಾಸಿನ್ ಈಗ ಅನೇಕರಿಗೆ ಕೆಲಸ ಮಾಡುವುದಿಲ್ಲವೆಂದು ವೈದ್ಯರೇ ಹೇಳುತ್ತಾರೆ.

ಇನ್ನೊಂದು ವಿಷಯ. ಉರಿಗೆಂದು ಎಲ್ಲರೂ ಕೊಂಡೊಯ್ಯುವ ಸಿಟ್ರೇಟ್ ಸಿರಪ್ ಮೂತ್ರದ ಹುಳಿಯನ್ನು ತಗ್ಗಿಸಿ ಉರಿ ಕಡಿಮೆ ಮಾಡುತ್ತದೆ ಅಷ್ಟೇ, ಅದು ಕ್ರಿಮಿಯನ್ನು ಕೊಲ್ಲುವುದಿಲ್ಲ. ಸಿರಪ್ಪಿನಿಂದ ಉರಿ ಕಡಿಮೆಯಾಯಿತೆಂದು ಒಳಗಿನ ಸೋಂಕು ಹೋಯಿತೆಂದುಕೊಳ್ಳಬಾರದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಅದನ್ನೂ ಕೇಳಿಯೇ ಕುಡಿಯಬೇಕು.

ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಮೈಸೂರು

ಮಾತ್ರೆಯ ಮಾತು ಬಂದದ್ದರಿಂದ ಪರೀಕ್ಷೆಯ ಬಗ್ಗೆ ಬರೆಯಲೇಬೇಕಾಗಿದೆ. ಮೊದಲ ಮಾತ್ರೆ ಬಾಯಿಗೆ ಹಾಕಿಕೊಳ್ಳುವ ಮುಂಚೆ ಮೂತ್ರದ ಮಾದರಿ ಕೊಡಿ. ಮಾತ್ರೆ ನುಂಗಿ ಮರುದಿನ ಬಂದರೆ ಕಲ್ಚರ್‌ನಲ್ಲಿ, ಅಂದರೆ ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಏನೂ ಬೆಳೆಯದಿರಬಹುದು. ಸೋಂಕು ಇದ್ದೂ ಇಲ್ಲವೆಂಬ ವರದಿ ಬಂದರೆ ವೈದ್ಯರಿಗೆ ಕತ್ತಲಲ್ಲಿ ಹುಡುಕಿದಂತಾಗುತ್ತದೆ.

ಮಾದರಿ ಹಿಡಿಯುವ ಕ್ರಮವನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಬಾಟಲಿ ಕೈಗೆ ಕೊಟ್ಟು ಶೌಚಾಲಯ ತೋರಿಸುತ್ತಾರೆ. ಮೊದಲು ಕೈ ತೊಳೆಯಬೇಕು. ಆ ಭಾಗವನ್ನು ಬರೀ ನೀರಿನಿಂದ, ಹೆಂಗಸರಾದರೆ ಮುಂದಿನಿಂದ ಹಿಂದಕ್ಕೆ, ತೊಳೆದುಕೊಳ್ಳಬೇಕು, ಡೆಟಾಲ್ ಬೇಡ. ಮೊದಲು ಬರುವ ಸ್ವಲ್ಪ ಮೂತ್ರವನ್ನು ಹೊರಗೆ ಬಿಟ್ಟು, ಧಾರೆ ನಿಲ್ಲಿಸದೆ ಬಾಟಲಿಯನ್ನು ಮಧ್ಯಕ್ಕೆ ಹಿಡಿದು ಅರ್ಧದಷ್ಟು ತುಂಬಿಸಿ, ಕೊನೆಯದನ್ನು ಮತ್ತೆ ಹೊರಗೆ ಬಿಡಬೇಕು. ಬಾಟಲಿಯ ಒಳಗಾಗಲಿ ಮುಚ್ಚಳದ ಒಳಬದಿಗಾಗಲಿ ಬೆರಳು ತಾಗಬಾರದು. ಒಮ್ಮೆ ಒಬ್ಬ ಅಜ್ಜ ಮನೆಯಿಂದಲೇ ಹಳೆಯ ಕೆಮ್ಮಿನ ಸಿರಪ್ ಬಾಟಲಿಯನ್ನು ತೊಳೆದು ಮಾದರಿ ತಂದಿದ್ದರು. ಬಹಳ ಮುತುವರ್ಜಿಯಿಂದ ತೊಳೆದಿದ್ದರು. ಆದರೂ ಮುಚ್ಚಳದ ಸುರುಳಿಯಲ್ಲಿ ಸಿರಪ್ಪಿನ ಅಂಟು ಹಾಗೆಯೇ ಇತ್ತು. ಅದರಲ್ಲಿ ಬೆಳೆದ ಕ್ರಿಮಿ ಅಜ್ಜನದೋ ಬಾಟಲಿಯದೋ ಎಂದು ಹೇಳುವುದು ಹೇಗೆ? ಲ್ಯಾಬಿನವರು ಕೊಡುವ ಕ್ರಿಮಿರಹಿತ ಬಾಟಲಿಯೇ ಆಗಬೇಕು. ಹಿಡಿದ ಮೇಲೆ ಒಂದು ಗಂಟೆಯೊಳಗೆ ಲ್ಯಾಬ್ ತಲುಪಬೇಕು. ಆಗದಿದ್ದರೆ ಫ್ರಿಜ್ಜಿನಲ್ಲಿ ಇಟ್ಟು ತರಬಹುದು, ಐಸ್ ಕಟ್ಟುವ ಖಾನೆಯಲ್ಲಿ ಅಲ್ಲ.

ಸಾಮಾನ್ಯ ಮೂತ್ರ ಪರೀಕ್ಷೆಯ ವರದಿ ಅದೇ ದಿನ ಸಿಗುತ್ತದೆ. ಕಲ್ಚರ್‌ಗೆ ಎರಡು ಮೂರು ದಿನ ಬೇಕು, ಏಕೆಂದರೆ ಕ್ರಿಮಿಯನ್ನು ಬೆಳೆಸಿ, ಯಾವ ಔಷಧಕ್ಕೆ ಅದು ಸಾಯುತ್ತದೆಂದು ನೋಡಬೇಕಾಗುತ್ತದೆ.

ನಿವೃತ್ತ ಮುಖ್ಯೋಪಾಧ್ಯಾಯ, ಶ್ರೀರಂಗಪಟ್ಟಣ

ಚರ್ಚೆ ಹೆಂಗಸರ ತೊಂದರೆಯ ಸುತ್ತ ನಡೆದಿದೆ. ಗಂಡಸರು ಈ ವಿಷಯವನ್ನು ಬಾಯಿಬಿಟ್ಟು ಹೇಳುವುದೇ ಇಲ್ಲವಾದ್ದರಿಂದ ನಾನೇ ಹೇಳುತ್ತೇನೆ. ನನಗೆ 71 ವರ್ಷ. ಮೂರು ನಾಲ್ಕು ವರ್ಷದಿಂದ ರಾತ್ರಿ ನಾಲ್ಕೈದು ಸಲ ಏಳುತ್ತಿದ್ದೆ. ಧಾರೆ ಸಣ್ಣದಾಗಿತ್ತು, ಮುಗಿಯಿತೆಂದು ಬಂದರೆ ಪಂಚೆಯ ಮೇಲೆ ಹನಿ ಬೀಳುತ್ತಿತ್ತು. ವಯಸ್ಸಾಯಿತು, ಹೀಗೆಯೇ ಎಂದುಕೊಂಡಿದ್ದೆ. ಜನವರಿಯ ಚಳಿಯಲ್ಲಿ ನೆಗಡಿಯಾಗಿ, ಮನೆಯಲ್ಲಿದ್ದ ನೆಗಡಿ ಮಾತ್ರೆಯನ್ನು ಎರಡು ದಿನ ನುಂಗಿದೆ. ಎರಡನೆಯ ರಾತ್ರಿ ಮೂತ್ರ ಪೂರ್ತಿಯಾಗಿ ಕಟ್ಟಿತು. ಹೋಗಬೇಕೆಂಬ ಒತ್ತಡ ಪ್ರಾಣ ಹಿಂಡುತ್ತದೆ, ಒಂದು ಹನಿಯೂ ಬರುವುದಿಲ್ಲ. ಕೂರಲಾರದೆ ಮಲಗಲಾರದೆ ಹಜಾರದ ಕಂಬ ಹಿಡಿದು ಬೆಳಗಿನವರೆಗೆ ನಿಂತಿದ್ದೆ. ಆಸ್ಪತ್ರೆಯಲ್ಲಿ ಕೊಳವೆ ಹಾಕಿದಾಗ ಸುಮಾರು 900 ಮಿಲಿಲೀಟರ್ ಹೊರಬಂತು. ಅಷ್ಟು ಹೊತ್ತು ಕಾಯಬಾರದಿತ್ತು ಎಂದು ಅಲ್ಲಿನ ವೈದ್ಯರು ಹೇಳಿದರು.

ವೈದ್ಯೆ, ಮೈಸೂರು

ಮೇಷ್ಟ್ರೇ, ನೀವು ಇದನ್ನು ಬರೆದದ್ದು ದೊಡ್ಡ ಉಪಕಾರ. ವಯಸ್ಸಾದಂತೆ ಗಂಡಸರ ಮೂತ್ರನಾಳದ ಸುತ್ತಲಿನ ಪ್ರಾಸ್ಟೇಟ್ ಗ್ರಂಥಿ ಬೆಳೆದು ದಾರಿಯನ್ನು ಒತ್ತುತ್ತದೆ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರಕೋಶದ ಕುತ್ತಿಗೆಯನ್ನು ಬಿಗಿಗೊಳಿಸುತ್ತವೆ, ಇನ್ನು ಕೆಲವು ಮೂತ್ರಕೋಶ ಹಿಂಡುವ ಬಲವನ್ನು ಕುಗ್ಗಿಸುತ್ತವೆ; ನೆಗಡಿ ಮಾತ್ರೆಯಲ್ಲಿ ಎರಡೂ ಒಟ್ಟಿಗೆ ಇರುವುದುಂಟು. ಧಾರೆ ಸಣ್ಣದಾಗಿರುವ ಹಿರಿಯರು ನೆಗಡಿಗೆ ಔಷಧ ಕೊಳ್ಳುವಾಗಲೂ ಇದನ್ನು ಹೇಳಬೇಕು. ಮೂತ್ರ ಪೂರ್ತಿ ಕಟ್ಟಿದರೆ ಅದು ತುರ್ತು ಸ್ಥಿತಿ. ಆಗ ಹೆಚ್ಚು ನೀರು ಕುಡಿದರೆ ಚೀಲ ಇನ್ನಷ್ಟು ತುಂಬಿ ಸಂಕಟ ಹೆಚ್ಚುತ್ತದೆ.

ಇದರ ಜೊತೆಗೆ ನನ್ನನ್ನು ಬಹಳ ಕಾಡುವ ಸಂಗತಿಯೊಂದನ್ನು ಸೇರಿಸುತ್ತೇನೆ. ಉರಿಯೂ ಇಲ್ಲ, ನೋವೂ ಇಲ್ಲ, ಒಂದು ದಿನ ಮೂತ್ರ ಕೆಂಪಗೆ ಬಂದು ಮರುದಿನ ತಿಳಿಯಾಯಿತು ಎಂದು ಕೆಲವರು ಸುಮ್ಮನಾಗುತ್ತಾರೆ. ಬೀಟ್‌ರೂಟ್ ತಿಂದರೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ನುಂಗಿದರೆ ಬಣ್ಣ ತಿರುಗುವುದು ನಿಜ. ಆದರೆ ಅಂಥ ಕಾರಣ ಇಲ್ಲದೆ, ಮುಖ್ಯವಾಗಿ ನಲವತ್ತು ದಾಟಿದವರಲ್ಲಿ, ಬೀಡಿ ಸಿಗರೇಟು ಸೇದಿದವರಲ್ಲಿ, ನೋವಿಲ್ಲದೆ ರಕ್ತ ಬಂದರೆ ಮೂತ್ರಕೋಶದ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಬೇಗ ಸಿಕ್ಕರೆ ಚೆನ್ನಾಗಿ ಚಿಕಿತ್ಸೆ ಮಾಡಬಹುದಾದ ಕಾಯಿಲೆ ಅದು. ಒಮ್ಮೆ ಕಂಡರೂ ಸಾಕು, ಮತ್ತೆ ಬರಲೆಂದು ಕಾಯಬೇಡಿ.

ಎರಡು ವರ್ಷದ ಮಗುವಿನ ತಾಯಿ, ನಂಜನಗೂಡು

ಮೇಡಂ, ಮಕ್ಕಳ ಬಗ್ಗೆ ಒಂದು ಮಾತು ಬರೆಯುವಿರಾ? ನನ್ನ ಮಗಳಿಗೆ ಕೆಮ್ಮಿಲ್ಲ, ನೆಗಡಿಯಿಲ್ಲ, ಮೂರು ದಿನ ಬರೀ ಜ್ವರವಿತ್ತು. ಹಲ್ಲು ಬರುತ್ತಿರಬೇಕು ಎಂದು ಮನೆಯಲ್ಲಿ ಹೇಳಿದರು. ಕೊನೆಗೆ ಮೂತ್ರದ ಸೋಂಕು ಎಂದು ತಿಳಿಯಿತು. ನಾನೀಗ ಮತ್ತೆ ಐದು ತಿಂಗಳ ಗರ್ಭಿಣಿ, ನನಗೂ ಭಯವಾಗುತ್ತದೆ.

ವೈದ್ಯೆ, ಮೈಸೂರು

ಭಯ ಬೇಡಮ್ಮ. ಚಿಕ್ಕ ಮಕ್ಕಳು ಉರಿ ಎಂದು ಹೇಳಲಾರರು; ಕಾರಣ ಕಾಣದ ಜ್ವರ, ಹಾಲು ಕುಡಿಯದಿರುವುದು, ವಾಂತಿ, ಮೂತ್ರ ಮಾಡುವಾಗ ಅಳುವುದು ಇಷ್ಟೇ ಕಾಣುತ್ತದೆ. ಹಾಗಾಗಿ ಕಾರಣ ತಿಳಿಯದ ಜ್ವರವಿದ್ದರೆ ಮೂತ್ರ ಪರೀಕ್ಷೆ ಮಾಡಿಸಬೇಕು. ಕೆಲವು ಮಕ್ಕಳಿಗೆ ಮೂತ್ರ ಹಿಂದಕ್ಕೆ ಹರಿಯುವ ಹುಟ್ಟು ದೋಷವಿರುತ್ತದೆ, ಅದಕ್ಕೆ ಸ್ಕ್ಯಾನಿಂಗ್ ಬೇಕಾಗಬಹುದು. ನಿಮ್ಮ ಮಟ್ಟಿಗೆ, ಉರಿ ಇಲ್ಲದಿದ್ದರೂ ಗರ್ಭಿಣಿಯರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೆ ಚಿಕಿತ್ಸೆ ಕೊಡುತ್ತೇವೆ, ಇಲ್ಲವಾದರೆ ಅದು ಮೂತ್ರಪಿಂಡಕ್ಕೆ ಏರುವ, ಹೆರಿಗೆ ಬೇಗನೆ ಆಗುವ ಅಪಾಯವಿದೆ. ಗರ್ಭಿಣಿಯರಲ್ಲದ ಹಿರಿಯರ ವಿಷಯ ಇದಕ್ಕೆ ತಿರುಗುಮುರುಗು: ಯಾವ ತೊಂದರೆಯೂ ಇಲ್ಲದೆ ವರದಿಯಲ್ಲಿ ಮಾತ್ರ ಬ್ಯಾಕ್ಟೀರಿಯಾ ಕಂಡರೆ ಸಾಮಾನ್ಯವಾಗಿ ಔಷಧ ಬೇಕಿಲ್ಲ. ನಿಮ್ಮ ‘ತಾಯಿ ಕಾರ್ಡ್’ನ ಪ್ರಕಾರ ಪರೀಕ್ಷೆಗಳನ್ನು ತಪ್ಪಿಸಬೇಡಿ; ಚೆಲುವಾಂಬ ಆಸ್ಪತ್ರೆಯಾಗಲಿ ನಿಮ್ಮ ತಾಲ್ಲೂಕು ಆಸ್ಪತ್ರೆಯಾಗಲಿ, ಎಲ್ಲಿ ತೋರಿಸುತ್ತಿದ್ದೀರೋ ಅಲ್ಲೇ ಕೇಳಿ.

ಕೃಷಿಕ, ಮದ್ದೂರು

ಎಲ್ಲವೂ ಸರಿ. ಆದರೆ ಎಳನೀರು, ಜೀರಿಗೆ ಕಷಾಯ, ಕೊತ್ತಂಬರಿ ಬೀಜದ ನೀರು, ಬಾಳೆದಿಂಡಿನ ಪಲ್ಯ ಇವೆಲ್ಲ ಸುಳ್ಳೇ? ನಮ್ಮ ಹಿರಿಯರು ಇವುಗಳಿಂದಲೇ ಗುಣಪಡಿಸುತ್ತಿದ್ದರಲ್ಲ?

ವೈದ್ಯೆ, ಮೈಸೂರು

ಸುಳ್ಳೆಂದು ನಾನು ಹೇಳುವುದಿಲ್ಲ. ಇವುಗಳಿಂದ ದೇಹಕ್ಕೆ ನೀರು ಸೇರುತ್ತದೆ, ಮೂತ್ರ ತಿಳಿಯಾಗುತ್ತದೆ, ಉರಿ ತಗ್ಗುತ್ತದೆ. ನೀರು ಕಡಿಮೆ ಕುಡಿಯುವ ಅಭ್ಯಾಸವಿದ್ದು ಪದೇ ಪದೇ ಸೋಂಕಾಗುತ್ತಿದ್ದ ಹೆಂಗಸರು ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿದಾಗ ಸೋಂಕು ಸುಮಾರು ಅರ್ಧಕ್ಕೆ ಇಳಿದದ್ದನ್ನು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಆದರೆ ಅದು ಸೋಂಕು ಬಾರದಂತೆ ತಡೆಯುವ ಮಾತು. ಮೂತ್ರಪಿಂಡಕ್ಕೆ ಏರಿದ ಸೋಂಕನ್ನು ಕಷಾಯ ಇಳಿಸಲಾರದು. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಎಳನೀರಿನ ಪೊಟ್ಯಾಷಿಯಂ ಅಪಾಯಕಾರಿ, ಹೃದಯ ವೈಫಲ್ಯ ಇರುವವರು ನೀರನ್ನೂ ಅಳತೆಯಲ್ಲೇ ಕುಡಿಯಬೇಕು. ಕಲ್ಲಿನ ಜೊತೆಗೆ ಚಳಿಜ್ವರ ಬಂದರೆ ಮೂತ್ರದ ದಾರಿ ಮುಚ್ಚಿ ಒಳಗೆ ಕೀವಾಗುತ್ತಿರಬಹುದು. ಆಗ ಬಾಳೆದಿಂಡಿಗಾಗಲಿ, ಕೆಲವರು ಹೇಳುವ ಬಿಯರಿಗಾಗಲಿ ಒಂದು ಗಂಟೆಯನ್ನೂ ಕಳೆಯಬಾರದು.

ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಸೋಂಕಾದರೆ ಪ್ರತಿ ಸಲವೂ ಮಾತ್ರೆ ನುಂಗಿ ಮುಗಿಸದೆ ಮೂಲ ಕಾರಣ ಹುಡುಕಿಸಿ. ಮುಟ್ಟು ನಿಂತವರಲ್ಲಿ ಅಲ್ಲಿನ ಚರ್ಮ ತೆಳುವಾಗಿ ಹೀಗಾಗುವುದುಂಟು, ಅದಕ್ಕೆ ಹಚ್ಚುವ ಈಸ್ಟ್ರೋಜನ್ ಮುಲಾಮು ಇದೆ. ಸಕ್ಕರೆ ಕಾಯಿಲೆಗೆ ಕೊಡುವ ಡಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವುದರಿಂದ ಬೂಸ್ಟು ತುರಿಕೆ ಬರಬಹುದು. ಮಾತ್ರೆಯನ್ನು ತಾವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಪಾಂಡವಪುರ ತಾಲ್ಲೂಕಿನ ಮಗಳು

ಎಲ್ಲರಿಗೂ ಕೈಮುಗಿಯುತ್ತೇನೆ. ಡಾಕ್ಟರ್ ಮೇಡಂ ಬರೆದ ಪ್ರಶ್ನೆಗಳನ್ನು ಒಂಟಿಕೊಪ್ಪಲ್ ಕ್ಯಾಲೆಂಡರಿನ ಹೋದ ತಿಂಗಳ ಹಾಳೆಯ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ನಿನ್ನೆ ಊರಿಗೆ ಹೋಗಿ ಅಮ್ಮನ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಅಮ್ಮ ನಿಧಾನವಾಗಿ ಓದಿ, ಪಕ್ಕದ ಮನೆಯ ಚಿಕ್ಕಮ್ಮನಿಗೂ ಮೂರು ದಿನದಿಂದ ಉರಿ ಇದೆಯಂತೆ ಎಂದರು. ಇಬ್ಬರೂ ಹೋಗಿ ಕೇಳಿದೆವು. ಜ್ವರವಿಲ್ಲ, ಪಕ್ಕೆ ನೋವಿಲ್ಲ, ಆದರೆ ಬೆಳಗ್ಗೆ ಮೂತ್ರ ಕೆಂಪಗಿತ್ತು, ಯಾರಿಗೂ ಹೇಳಿರಲಿಲ್ಲ. ಅಂಗಡಿಯಿಂದ ತಂದ ಎರಡು ಮಾತ್ರೆ ಇನ್ನೂ ಸೆರಗಿನ ಗಂಟಿನಲ್ಲೇ ಇದ್ದವು. ಇವತ್ತು ಬೆಳಗ್ಗೆ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಬಾಟಲಿ ಹಿಡಿಯುವ ಕ್ರಮವನ್ನು ಇಲ್ಲಿ ಓದಿದಂತೆಯೇ ಹೇಳಿಕೊಟ್ಟು, ಮಾತ್ರೆ ನುಂಗುವ ಮುಂಚೆಯೇ ಮಾದರಿ ಕೊಟ್ಟು ಬಂದೆವು. ಕಲ್ಚರ್ ವರದಿ ಬರಲು ಇನ್ನೆರಡು ದಿನವಿದೆ.